ಇಬ್ಬರಿಗೇ ಜಾಗವಿದ್ದ ದೋಣಿ

ನಾನು ಬಸ್ಸಿನ ಕಂಡಕ್ಟರನಾಗಿದ್ದವನು. ಐವತ್ತರ ದಶಕದ ಕೊನೆಗೆ ಉಡುಪಿ–ಕಾರ್ಕಳ ದಾರಿಯ ಒಂದು ಖಾಸಗಿ ಬಸ್ಸಿಗೆ ಸೇರಿದೆ. ಜನರನ್ನು ಹತ್ತಿಸುವುದು, ಇಳಿಸುವುದು, ನಡುವೆ ಅವರ ಜಗಳ ಬಿಡಿಸುವುದು, ಇದರಲ್ಲೇ ನನ್ನ ಪ್ರಾಯವೆಲ್ಲ ಕಳೆಯಿತು. ಅದರಿಂದಲೋ ಏನೋ, ಮುಂದೆ ಹೋಗದೆ ನಿಂತದ್ದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಿಂತ ಬಸ್ಸು, ನಿಂತ ಮಾತು, ನಿಂತ ಕಥೆ, ಯಾವುದೂ ಆಗದು. ಓದುವ ಹುಚ್ಚು ಮಾತ್ರ ಶಾಲೆಗೆ ಹೋಗುವಾಗಿನಿಂದಲೇ ಇತ್ತು. ನಮ್ಮ ಮನೆಯ ಮಾತು ಕೊಂಕಣಿ, ಬಸ್ಸಿನ ಮಾತು ತುಳು, ಪುಸ್ತಕದ ಮಾತು ಕನ್ನಡ. ಕಾರ್ಕಳದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿರುವಾಗ ಉಳಿದ ಕಂಡಕ್ಟರರು ಬೀಡಿ ಸೇದುತ್ತಿದ್ದರು, ನಾನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಓದುತ್ತಿದ್ದೆ.

ಹಾಗೆ ಓದಿದ ಪುಸ್ತಕಗಳಲ್ಲಿ ನನಗೆ ಅತ್ಯಂತ ಸಿಟ್ಟು ಬರಿಸಿದ್ದು ಒಂದು ಕಥೆಯ ಎರಡನೆಯ ಭಾಗ. ಅದನ್ನು ಬರೆದವರು ನಮ್ಮದೇ ಬಸ್ಸಿನ ಪ್ರಯಾಣಿಕರಾದ್ದರಿಂದ ಸಿಟ್ಟನ್ನು ನುಂಗಿಕೊಳ್ಳಬೇಕಾದ ಅಗತ್ಯವೂ ಇರಲಿಲ್ಲ.

ಅವರು ಕುಕ್ಕುಂದೂರಿನಲ್ಲಿದ್ದ ಒಬ್ಬ ಶಾಲಾ ಮಾಷ್ಟ್ರು. ತೆಳ್ಳಗಿನ ಮನುಷ್ಯ, ಚಿಲ್ಲರೆ ಕೊಟ್ಟರೆ ಎಣಿಸದೆ ಕಿಸೆಗೆ ಹಾಕುವವರು. ಮೂರು ಭಾಗಗಳಲ್ಲಿ ಒಂದು ದೊಡ್ಡ ಮಾಯಾಮಂತ್ರದ ಕಥೆ ಬರೆಯುತ್ತೇನೆಂದು ಹೊರಟು ಮೊದಲನೆಯದನ್ನು ಉಡುಪಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ್ದರು. ಕಟ್ಟುಗಳು ನಮ್ಮ ಬಸ್ಸಿನ ಟಾಪಿನಲ್ಲೇ ಕಾರ್ಕಳಕ್ಕೆ ಬಂದವು. ಇಳಿಸಿ ಕೊಟ್ಟದ್ದಕ್ಕೆ ಮಾಷ್ಟ್ರು ನನಗೊಂದು ಪ್ರತಿ ಕೊಟ್ಟರು. ಮರುದಿನ ಅದನ್ನು ಓದುತ್ತ ನಾನು ಬೈಲೂರಿನಲ್ಲಿ ಇಳಿಯಬೇಕಾದ ಹೆಂಗಸನ್ನು ಇಳಿಸಲು ಮರೆತು ಬೈಗಳು ತಿಂದೆ.

ಕಥೆ ನೆರಳಿಲ್ಲದ ರಾಜ್ಯದ್ದು. ಒಬ್ಬ ಮಾಂತ್ರಿಕ ಆ ರಾಜ್ಯದ ನೆರಳುಗಳನ್ನೆಲ್ಲ ಚಾಪೆಯಂತೆ ಸುತ್ತಿ ಹೊಳೆಯಾಚೆಯ ತನ್ನ ಕೋಟೆಗೆ ಒಯ್ದುಬಿಟ್ಟಿದ್ದಾನೆ. ಮರದ ಬುಡದಲ್ಲಿ ನಿಂತರೂ ಬಿಸಿಲು, ಮಾಡಿನಡಿ ಕೂತರೂ ಬಿಸಿಲು. ಜನ ಬಾಡಿ ಹೋಗುತ್ತಿದ್ದಾರೆ. ನೆರಳನ್ನು ವಾಪಸು ತರಲು ಮೂವರು ಹೊರಡುತ್ತಾರೆ: ಅರಸನ ಕಿರಿಯ ಮಗ, ಬಿಲ್ಲು ಹಿಡಿದ ಕಾಡಿನ ಒಬ್ಬ ಹೆಂಗಸು, ಮತ್ತು ಮಾತಾಡುವ ಒಂದು ಮುಂಗುಸಿ. ಈ ಮುಂಗುಸಿ ಭಾರೀ ಸುಳ್ಳುಬುರುಕ. ಹೊಟ್ಟೆಬಾಕ ಬೇರೆ. ಪುಟಕ್ಕೊಂದು ಅಪಾಯ, ಅದರಿಂದ ಮುಂಗುಸಿಯ ಸುಳ್ಳಿನ ಬಲದಲ್ಲೇ ಪಾರಾಗುವುದು. ಕೊನೆಯ ಪುಟದಲ್ಲಿ ಮೂವರೂ ಕಾಡು ದಾಟಿ ಹೊಳೆಯ ದಡಕ್ಕೆ ಬರುತ್ತಾರೆ. ಎದುರಿಗೆ ಕಡವು, ಕಡವಿನಲ್ಲಿ ಒಂದು ದೋಣಿ. ಉಳಿದದ್ದು ಎರಡನೆಯ ಭಾಗದಲ್ಲಿ.

ಜನರಿಗೆ ಅದರ ಗುಂಗು ಹಿಡಿಯಿತು. ನಮ್ಮ ಡ್ರೈವರನಿಗೆ ಕನ್ನಡ ಓದಲು ಸರಿಯಾಗಿ ಬಾರದು, ಸ್ಟ್ಯಾಂಡಿನಲ್ಲಿ ನಿಂತಾಗೆಲ್ಲ ನನ್ನಿಂದ ಓದಿಸಿ ಕೇಳಿದ. ಪಡುಬಿದ್ರಿಯಿಂದ ಒಣಮೀನು ತಂದು ಮಾರುತ್ತಿದ್ದ ಬ್ಯಾರಿಯೊಬ್ಬರು ಬಸ್ಸು ಹತ್ತಿದ ಕೂಡಲೇ "ಮುಂಗುಸಿ ಎಲ್ಲಿಗೆ ಮುಟ್ಟಿತು ಪೊರ್ಬುಗಳೇ?" ಎಂದು ಕೇಳುತ್ತಿದ್ದರು. ಪೊರ್ಬು ಎಂದರೆ ನಮ್ಮ ಕಡೆ ಇಗರ್ಜಿಗೆ ಹೋಗುವ ಕ್ರೈಸ್ತರನ್ನು ಕರೆಯುವ ಮರ್ಯಾದೆಯ ಮಾತು. ಕುಕ್ಕುಂದೂರಿನ ಶಾಲೆಯ ಮಕ್ಕಳು ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಳಕ್ಕಿಳಿದು ತಮ್ಮ ತಮ್ಮ ನೆರಳು ಇದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದರು. ಇಂಥ ಪುಸ್ತಕದ ಎರಡನೆಯ ಭಾಗಕ್ಕೆ ನಾವು ವರ್ಷಕ್ಕಿಂತ ಹೆಚ್ಚು ಕಾಲ ಕಾದೆವು.

ಆ ನಡುವೆ ಮಾಷ್ಟ್ರ ಹೆಂಡತಿಗೆ ಕ್ಷಯ ಎಂದಾಯಿತು. ಆಕೆ ಕಾಪುವಿನ ಹೆಣ್ಣು, ಗಟ್ಟಿ ನಗುವಿನವರು. ಮೊದಲೆಲ್ಲ ತವರಿಗೆ ಹೋಗುವಾಗ ನಮ್ಮ ಬಸ್ಸಿನಲ್ಲೇ ಉಡುಪಿಗೆ ಬಂದು ಅಲ್ಲಿಂದ ಬೇರೆ ಬಸ್ಸು ಹಿಡಿಯುತ್ತಿದ್ದರು. ಈಗ ಅವರನ್ನು ಮಣಿಪಾಲದ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಆಗಿನ ಮಣಿಪಾಲವೆಂದರೆ ಗಾಳಿ, ಮುರಕಲ್ಲು, ಅಲ್ಲಲ್ಲಿ ಹೊಸ ಕಟ್ಟಡ. ಮಾಷ್ಟ್ರು ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮ ಬಸ್ಸು ಹತ್ತಿ ಅಲ್ಲಿ ಇಳಿಯುತ್ತಿದ್ದರು, ಭಾನುವಾರ ಸಂಜೆ ಅದೇ ಬಸ್ಸಿನಲ್ಲಿ ಹಿಂದೆ ಬರುತ್ತಿದ್ದರು. ನನಗೆ ಭಾನುವಾರದ ರಜೆ ಬಂದರೆ ಮಾತ್ರ ಅವರ ಮುಖ ತಪ್ಪುತ್ತಿತ್ತು. ಮಡಿಲಲ್ಲಿ ಕೈಚೀಲ, ಅದರ ಮೇಲೆ ಕಾಗದ, ಬಸ್ಸು ಎಷ್ಟು ಕುಲುಕಿದರೂ ಪೆನ್ಸಿಲಿನಲ್ಲಿ ಬರೆಯುತ್ತಲೇ ಇರುತ್ತಿದ್ದರು. ಅವರ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಹೆಂಡತಿಯ ಕಾಯಿಲೆ ಗಂಡನ ಅಂಗಿಗೂ ಹತ್ತಿಕೊಂಡಿರುತ್ತದೆ ಎಂದು ಜನರ ಎಣಿಕೆ. ಅದನ್ನು ನೋಡಿ ನನಗೆ ಕೆಡುಕೆನಿಸುತ್ತಿತ್ತು, ಆದರೆ ಜನರನ್ನು ಹಿಡಿದು ಕೂರಿಸಲು ನನ್ನಿಂದಾಗದು.

ಕೊನೆಗೂ ಎರಡನೆಯ ಭಾಗ ಬಂತು. ನಾನು ಉಡುಪಿಯಲ್ಲೇ ಕಟ್ಟಿನಿಂದ ಒಂದನ್ನು ಎಳೆದು ತೆಗೆದೆ.

ಮೊದಲ ಪುಟದಲ್ಲಿ ಮೂವರೂ ದಡದಲ್ಲಿದ್ದಾರೆ. ದೋಣಿಯವ ಹೇಳುತ್ತಾನೆ: ನನ್ನ ದೋಣಿಯಲ್ಲಿ ಇಬ್ಬರಿಗೇ ಜಾಗ. ಒಮ್ಮೆ ಆಚೆ ಹೋದ ದೋಣಿ ಮತ್ತೆ ಈಚೆ ಬರುವುದಿಲ್ಲ. ಯಾರಾದರೂ ಒಬ್ಬರು ಇಲ್ಲೇ ಉಳಿಯಬೇಕು. ಸರಿ, ನನಗೆ ಇಲ್ಲಿಯವರೆಗೆ ತಕರಾರಿಲ್ಲ. ಮುಂಗುಸಿ ಏನಾದರೂ ಸುಳ್ಳು ಹೇಳಿ ಹತ್ತಿಕೊಳ್ಳುತ್ತದೆ ಎಂದುಕೊಂಡೆ. ಹತ್ತಲಿಲ್ಲ. ಬಿಲ್ಲಿನ ಹೆಂಗಸು ತಾನು ಉಳಿಯುತ್ತೇನೆ ಎನ್ನುತ್ತಾಳೆ, ಅರಸನ ಮಗ ಬೇಡವೆನ್ನುತ್ತಾನೆ. ಅರಸನ ಮಗ ತಾನು ಉಳಿಯುತ್ತೇನೆ ಎನ್ನುತ್ತಾನೆ, ಮುಂಗುಸಿ ಅಳುತ್ತದೆ. ರಾತ್ರಿಯಾಗುತ್ತದೆ, ಬೆಳಗಾಗುತ್ತದೆ, ಹೊಳೆಯ ನೀರಿನ ಬಣ್ಣದ ಬಗ್ಗೆಯೇ ಒಂದು ಅಧ್ಯಾಯ. ಇನ್ನೊಂದು ಅಧ್ಯಾಯದಲ್ಲಿ ದೋಣಿಯವ ದೋಣಿಗೆ ಎಣ್ಣೆ ಹಚ್ಚುತ್ತಾನೆ, ಅಷ್ಟೇ. ಮಾಂತ್ರಿಕನ ಪತ್ತೆಯೇ ಇಲ್ಲ. ಮುಂಗುಸಿ ಇಡೀ ಪುಸ್ತಕದಲ್ಲಿ ಒಂದೇ ಒಂದು ಸುಳ್ಳು ಹೇಳುವುದಿಲ್ಲ. ಕೊನೆಯ ಪುಟಕ್ಕೆ ಬಂದರೆ ಮೂವರೂ ಅದೇ ದಡದಲ್ಲಿ, ಅದೇ ದೋಣಿಯ ಎದುರಿಗೆ.

ನಾನು ಪುಸ್ತಕವನ್ನು ಟಿಕೆಟಿನ ಚೀಲದೊಳಗೆ ತುರುಕಿ ಶನಿವಾರಕ್ಕೆ ಕಾದೆ. ಮಾಷ್ಟ್ರು ಹತ್ತಿದರು. ಹಿರಿಯಡ್ಕ ದಾಟಿದ ಮೇಲೆ ಬಸ್ಸು ಸ್ವಲ್ಪ ಖಾಲಿಯಾಯಿತು. ಅವರ ಹತ್ತಿರ ಹೋಗಿ ನಿಂತೆ.

"ಎಂತ ಮಾಷ್ಟ್ರೇ ಇದು? ನಾವು ಒಂದು ವರ್ಷ ಕಾದದ್ದು ಇದಕ್ಕಾ? ನಿಮ್ಮ ಅರಸನ ಮಗ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ."

ಅವರು ಪೆನ್ಸಿಲನ್ನು ಕಿಸೆಗೆ ಹಾಕಿಕೊಂಡರು. "ಹೌದು. ಹೋಗಲಿಲ್ಲ."

"ಯಾರನ್ನಾದರೂ ಒಬ್ಬರನ್ನು ಬಿಟ್ಟು ಹೋದರಾಯ್ತು. ಕಥೆ ಅಲ್ವಾ? ಆ ಹೆಂಗಸನ್ನೇ ಬಿಡಿ. ಅವಳೇ ಉಳೀತೇನೆ ಅಂತಾಳಲ್ಲ."

"ಎಲ್ಲರೂ ಹಾಗೇ ಹೇಳ್ತಾರೆ ಪೊರ್ಬುಗಳೇ" ಎಂದರು ಅವರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನಾನೂ ಬರೆದು ನೋಡಿದೆ. ಅವಳನ್ನು ಬಿಟ್ಟು ದೋಣಿ ಹೊರಡ್ತದೆ ಅಂತ ಬರೆದೆ. ಮುಂದಿನ ಪುಟ ಬರಲಿಲ್ಲ."

ಮಣಿಪಾಲ ಬಂತು, ಇಳಿದು ಹೋದರು. ಲೇಖಕರೆಂದರೆ ಹೀಗೆಯೇ, ತಾವು ಮಾಡಿದ್ದಕ್ಕೆಲ್ಲ ಒಂದು ಕಾರಣ ಇಟ್ಟುಕೊಂಡಿರುತ್ತಾರೆ ಎಂದು ನಾನು ಡ್ರೈವರನ ಹತ್ತಿರ ಹೋಗಿ ಗೊಣಗಿದೆ.

ಅವರ ಕಾರಣ ಏನೆಂದು ನನಗೆ ತಿಳಿದದ್ದು ಹಿರಿಯಡ್ಕದಲ್ಲಿ. ಮಾಷ್ಟ್ರ ತಾಯಿ ಅಲ್ಲಿ ದೊಡ್ಡ ಮಗನ ಮನೆಯಲ್ಲಿದ್ದರು. ಸೊಸೆಗೆ ಕಾಯಿಲೆಯಾದ ಮೇಲೆ ಮಾಷ್ಟ್ರ ಸಣ್ಣ ಮಗಳನ್ನೂ ಅವರೇ ಕರೆದುಕೊಂಡು ಹೋಗಿದ್ದರು. ಭಾನುವಾರ ಸಂಜೆ ಡ್ರೈವರ್ ಚಾ ಕುಡಿಯಲು ಇಳಿದಾಗ ಮಾಷ್ಟ್ರೂ ಇಳಿಯುತ್ತಿದ್ದರು. ತಾಯಿ ಮಗುವಿನ ಕೈ ಹಿಡಿದು ಅಂಗಡಿಯ ಜಗಲಿಯಲ್ಲಿ ಕಾದಿರುತ್ತಿದ್ದರು. ಮಗುವನ್ನು ಮಾತ್ರ ಅಪ್ಪನ ಹತ್ತಿರಕ್ಕೆ ಬಿಡುತ್ತಿರಲಿಲ್ಲ. ಆಸ್ಪತ್ರೆಯಿಂದ ನೇರ ಬಂದವನು, ಮೊದಲು ಸ್ನಾನ ಮಾಡಲಿ ಎಂಬ ಲೆಕ್ಕ.

ಒಂದು ಸಂಜೆ ಜಗಲಿಯ ಹತ್ತಿರವೇ ನಿಂತು ಟಾಪಿನಿಂದ ಸಾಮಾನು ಇಳಿಸಿಕೊಳ್ಳುತ್ತಿದ್ದೆ. ಮುದುಕಿ ಮಗನಿಗೆ ಹೇಳುತ್ತಿದ್ದರು: "ಕಾಪುವಿಗೆ ಕಳಿಸು. ಸಮುದ್ರದ ಗಾಳಿ ಎದೆಗೆ ಒಳ್ಳೆಯದಂತೆ. ತಾಯಿಯ ಮನೆ ಅಲ್ವಾ, ನೋಡಿಕೊಳ್ತಾರೆ. ನೀನೂ ಮಗುವೂ ಚೆನ್ನಾಗಿರಬೇಕೋ ಬೇಡ್ವೋ?"

"ಡಾಕ್ಟ್ರು ಗುಣ ಆಗ್ತದೆ ಅಂದಿದ್ದಾರೆ ಅಮ್ಮ. ಬಿಟ್ಟ ಮೇಲೆ ಮನೆಗೇ ಕರ್ಕೊಂಡು ಬರ್ತೇನೆ."

"ಬಂದರೆ ಈ ಮಗು ಆ ಹೊಸ್ತಿಲು ಮೆಟ್ಟುದಿಲ್ಲ. ನಾನೂ ಮೆಟ್ಟುದಿಲ್ಲ. ಅವಳು, ಇಲ್ಲ ಮಗಳು. ಇಬ್ಬರಲ್ಲಿ ಯಾರು ಬೇಕು ನೋಡು."

ಮುದುಕಿ ಕೆಟ್ಟವರೇನಲ್ಲ. ಅವರ ಸ್ವಂತ ತಂಗಿ ಅದೇ ಕಾಯಿಲೆಯಿಂದ ತನ್ನ ಎರಡು ಮಕ್ಕಳ ಸಮೇತ ತೀರಿಕೊಂಡದ್ದನ್ನು ಕಣ್ಣಾರೆ ಕಂಡವರು ಎಂದು ಆಮೇಲೆ ತಿಳಿಯಿತು. ಅವರ ಕಾಲದಲ್ಲಿ ಇದಕ್ಕೆ ಔಷಧಿಯೇ ಇರಲಿಲ್ಲ. ಅವರಿಗೆ ಹೆದರಿಕೆ, ಅಷ್ಟೇ. ಕಾಪುವಿನ ಗಾಳಿ ಎಂದದ್ದು ಹೆದರಿಕೆಗೆ ತೊಡಿಸಿದ ಮರ್ಯಾದೆಯ ಅಂಗಿ.

ಮಾಷ್ಟ್ರು ಬಸ್ಸು ಹತ್ತಿ ಕೂತರು. ನಾನು ಟಿಕೆಟು ಹರಿಯುತ್ತ ಬಂದವನು ಅವರ ಹತ್ತಿರ ಬಂದಾಗ ಕೈ ನಿಲ್ಲಿಸಿದೆ. ಮೂವರು, ಇಬ್ಬರಿಗೇ ಜಾಗ. ಪುಸ್ತಕ ಆಗ ನನಗೆ ಅರ್ಥವಾಯಿತು. ಹಿಡಿಸಿತು ಎಂದಲ್ಲ. ಪುಸ್ತಕವಾಗಿ ಅದು ಸೋತದ್ದೇ, ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ಆ ಮನುಷ್ಯ ಅದನ್ನು ಬೇರೆ ರೀತಿ ಬರೆಯುವ ಹಾಗಿರಲಿಲ್ಲ. ಆ ದಿನ ಕುಕ್ಕುಂದೂರಿನವರೆಗೆ ಅವರ ಪಕ್ಕದಲ್ಲಿ ಕೂತು ಬಂದೆ.

ಪುಸ್ತಕ ಮಾರಾಟವಾಗಲಿಲ್ಲ. ಮಳೆ ಶುರುವಾಗುವ ಹೊತ್ತಿಗೆ ಕಾರ್ಕಳದ ಪುಸ್ತಕದಂಗಡಿಯವರು ಬಿಚ್ಚದ ಕಟ್ಟುಗಳನ್ನು ಪ್ರೆಸ್ಸಿಗೆ ತಿರುಗಿ ಕಳುಹಿಸಿದರು. ಅವು ಹೋಗಬೇಕಾದದ್ದು ನಮ್ಮ ಬಸ್ಸಿನಲ್ಲೇ, ಅದೂ ಶನಿವಾರವೇ. ಕುಕ್ಕುಂದೂರಿನಲ್ಲಿ ಮಾಷ್ಟ್ರು ಹತ್ತುವಾಗ ಹನಿ ಬೀಳತೊಡಗಿತ್ತು, ನಾನು ಟಾಪಿನ ಮೇಲೆ ಟಾರ್ಪಾಲು ಎಳೆಯುತ್ತಿದ್ದೆ. ಅವರು ಕೆಳಗೆ ನಿಂತು ಕಟ್ಟುಗಳ ಮೇಲಿನ ಪ್ರೆಸ್ಸಿನ ಚೀಟಿಯನ್ನು ನೋಡಿದರು. ಟಾರ್ಪಾಲಿನ ಒಂದು ತುದಿಯ ಹಗ್ಗ ಕೆಳಗೆ ಜೋತಾಡುತ್ತಿತ್ತು, ಅದನ್ನು ಹಿಡಿದು ಬಿಗಿಯಾಗಿ ಕಟ್ಟಿದರು. "ನೆನೆದರೆ ಅವರಿಗೆ ನಷ್ಟ ಅಲ್ವಾ" ಎಂದರು. ಆ ಕ್ಷಣ ಆ ಅಂಗಡಿಯವನ ಮೇಲೆ ನನಗೆ ಬಂದ ಕೋಪ ಹೇಳಲಾಗದು. ಅವನು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲವಾದರೂ ಬಂತು. ಮೂರನೆಯ ಭಾಗ ಇನ್ನು ಬರೆಯುವುದಿಲ್ಲ ಎಂದು ಆ ದಿನ ಮಾಷ್ಟ್ರು ಹೇಳಿದರು.

ಹಿರಿಯಡ್ಕದಲ್ಲಿ ತಾಳಮದ್ದಳೆಯ ಒಂದು ಸಂಘವಿತ್ತು. ಮಳೆಗಾಲದಲ್ಲಿ ಯಕ್ಷಗಾನ ಬಯಲಾಟದ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ ನಮ್ಮ ಕಡೆಯವರಿಗೆ ತಾಳಮದ್ದಳೆಯೇ ಗತಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಸಾಲಾಗಿ ಕೂತವರು ತಮ್ಮ ತಮ್ಮ ಪಾತ್ರದ ಮಾತನ್ನು ಅಲ್ಲಿಯೇ ಕಟ್ಟಿ ಆಡುತ್ತಾರೆ. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ವಾದ ಎಷ್ಟು ಬೇಕಾದರೂ ಬೆಳೆಸಬಹುದು, ಕಥೆಯನ್ನು ಮಾತ್ರ ತಿರುಗಿಸುವ ಹಾಗಿಲ್ಲ. ಸಾಯಬೇಕಾದ ಪಾತ್ರ ವಾದದಲ್ಲಿ ಗೆದ್ದರೂ ಕೊನೆಗೆ ಸಾಯಲೇಬೇಕು.

ಆ ಸಂಘದ ಭಾಗವತರು ಮೊದಲ ಭಾಗದ ಭಕ್ತರು. ಒಂದು ದಿನ ಬಸ್ಸಿನಲ್ಲಿ ನಾನು ಎರಡನೆಯದನ್ನು ಬೈಯುತ್ತಿದ್ದಾಗ ಅವರು ಸುಮ್ಮನೆ ಕೇಳಿ, "ಓದಲಿಕ್ಕೆ ಆಗದ್ದು ಹೇಳಲಿಕ್ಕೆ ಆದೀತು ಮಾರಾಯ. ಇಡೀ ಪುಸ್ತಕ ಸಂವಾದವೇ ಅಲ್ವಾ? ಇದು ತಾಳಮದ್ದಳೆಗೇ ಬರೆದ ಹಾಗೆ ಉಂಟು" ಎಂದರು. ತಾವೇ ಕೂತು ಪದ್ಯ ಹೊಸೆದರು. ಸಂಘದ ಹಿರಿಯರು ಪುರಾಣವಲ್ಲದ ಕಥೆಗೆ ನಾವು ಕೂರುವುದಿಲ್ಲ ಎಂದು ಹಿಂದೆ ಸರಿದರು. ಅರಸನ ಮಗನಿಗೆ ಕಾರ್ಕಳದ ಒಬ್ಬ ವಕೀಲರು ಒಪ್ಪಿದರು, ಬಿಲ್ಲಿನ ಹೆಂಗಸಿಗೆ ಮತ್ತು ಮುಂಗುಸಿಗೆ ಇಬ್ಬರು ತರುಣ ಮಾಷ್ಟ್ರುಗಳು ಸಿಕ್ಕಿದರು. ದೋಣಿಯವನಿಗೆ ಯಾರೂ ಇಲ್ಲ. "ನಿನ್ನ ಸ್ವರ ದೊಡ್ಡದು, ನೀನು ಕೂತುಕೋ" ಎಂದರು ನನಗೆ. ನಾನು ಇಗರ್ಜಿಯವನು, ನನಗೆ ಇದೆಲ್ಲ ಆಗುತ್ತದೆಯೇ ಎಂದೆ. "ಪುರಾಣ ಅಲ್ಲ ಅಂತ ಅವರೇ ಹೇಳಿದ್ದಾರಲ್ಲ, ಮತ್ತೆಂತ ತೊಂದರೆ?" ಎಂದರು ಭಾಗವತರು. ಸಣ್ಣಂದಿನಿಂದ ಕೇಳಿ ಕೇಳಿ ಆಸೆ ನನಗೂ ಇತ್ತು, ಒಪ್ಪಿಕೊಂಡೆ.

ಒಂದು ಭಾನುವಾರ ಮಧ್ಯಾಹ್ನ, ನನ್ನ ರಜೆಯ ದಿನ, ಅಲ್ಲಿಯ ಜವಳಿ ಅಂಗಡಿಯ ಮಹಡಿಯಲ್ಲಿ ಕೂಟ. ಹೊರಗೆ ಮಳೆ ಹೊಡೆಯುತ್ತಿತ್ತು. ಮಹಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪುಸ್ತಕ ಕೊಳ್ಳದವರೆಲ್ಲ ಪುಕ್ಕಟೆ ಕೇಳಲು ಬಂದಿದ್ದಾರಲ್ಲ ಎಂದು ನನಗೆ ಒಳಗೊಳಗೇ ಹೊಟ್ಟೆ ಉರಿಯಿತು. ಮಾಷ್ಟ್ರು ಆಸ್ಪತ್ರೆಯಿಂದ ಬೇಗ ಹೊರಟು ಬಂದು ಕಂಬಕ್ಕೆ ಒರಗಿ ಕೂತಿದ್ದರು. ಹೆಂಗಸರ ಕಡೆಯಲ್ಲಿ ಅವರ ತಾಯಿ, ಮಡಿಲಲ್ಲಿ ಮಗು. ಮುದುಕಿಗೆ ಓದು ಬಾರದು. ಮಗ ಏನು ಬರೆದಿದ್ದಾನೆಂದು ಅವರು ಕೇಳುತ್ತಿದ್ದದ್ದು ಅದೇ ಮೊದಲು.

ನಾನು ಚೆನ್ನಾಗಿ ತಯಾರಾಗಿ ಹೋಗಿದ್ದೆ. ಹೊಳೆಯ ಧರ್ಮ, ದೋಣಿಯ ಮಿತಿ, ಅಜ್ಜಂದಿರಿಂದ ಬಂದ ನಿಯಮ, ಎಲ್ಲವನ್ನೂ ಗಟ್ಟಿ ಕನ್ನಡದಲ್ಲಿ ಕಟ್ಟಿಕೊಂಡಿದ್ದೆ. ಮೊದಮೊದಲು ವಕೀಲರಿಗೆ ಸರಿಯಾಗಿಯೇ ಉತ್ತರ ಕೊಟ್ಟೆ. ಅವರು ನ್ಯಾಯ ಎತ್ತಿದರೆ ನಾನು ನಿಯಮ ಎತ್ತಿದೆ. ಜನ ತಲೆದೂಗಿದರು. ಪುಸ್ತಕದಲ್ಲಿ ತೂಕಡಿಕೆ ತರಿಸಿದ ಮಾತುಗಳು ಅಲ್ಲಿ ಬೇರೆಯೇ ಆಗಿ ಕೇಳುತ್ತಿದ್ದವು.

ಆಮೇಲೆ ಬಿಲ್ಲಿನ ಹೆಂಗಸಿನ ಪಾತ್ರದ ತರುಣ ಮಾತಾಡಿದ. ಅವನು ಏನೂ ಹೆಚ್ಚು ಕಟ್ಟಲಿಲ್ಲ. "ನನಗೆ ಆಯಾಸವಾಗಿದೆ. ನೀವಿಬ್ಬರೂ ಹೋಗಿ. ನಾನು ಈ ದಡದಲ್ಲಿ ಕೂತು ನೀವು ಹೋಗುವುದನ್ನು ನೋಡುತ್ತೇನೆ. ನನಗೆ ಬೇಸರವಿಲ್ಲ" ಎಂದ. ಮುಂಗುಸಿಯ ಪಾತ್ರದವನು, "ನಾನು ಚಿಕ್ಕವನು, ನನಗೆ ಹೆಚ್ಚು ಜಾಗ ಬೇಡ, ಆದರೆ ಇವಳಿಲ್ಲದೆ ನನಗೆ ದಾರಿಯಲ್ಲಿ ನಿದ್ದೆ ಬಾರದು" ಎಂದ. ನಾನು ಹೆಂಗಸರ ಕಡೆ ನೋಡಬಾರದಿತ್ತು, ನೋಡಿದೆ. ಮುದುಕಿ ಮಗುವಿನ ತಲೆಯ ಮೇಲೆ ಕೈ ಇಟ್ಟು ನೆಲವನ್ನು ನೋಡುತ್ತಿದ್ದರು.

ಈಗ ನಾನು ಹೇಳಬೇಕಾದ ಮಾತು ಪುಸ್ತಕದಲ್ಲೇ ಇತ್ತು: "ಇಬ್ಬರಿಗೇ ಜಾಗ. ನಾಳೆ ಬನ್ನಿ." ಅದರ ಮೇಲೆ ದೋಣಿಯವ ಬೆನ್ನು ತಿರುಗಿಸುವ ಪದ್ಯ, ಅಲ್ಲಿಗೆ ಪ್ರಸಂಗ ಮುಗಿಯಬೇಕು. ಭಾಗವತರು ಜಾಗಟೆ ಹಿಡಿದು ನನ್ನ ಮುಖ ನೋಡುತ್ತಿದ್ದರು. ಎದುರಿಗೆ ಮೂವರು ಕೂತು ನನ್ನನ್ನೇ ನೋಡುತ್ತಿದ್ದಾರೆ, ಹೊರಗೆ ಮಳೆ. ಮಳೆಯಲ್ಲಿ ರಸ್ತೆ ಬದಿ ನಿಂತು ನನ್ನನ್ನು ಹಾಗೆ ನೋಡುವವರಿಗೆ ನಾನು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಒಂದೇ ಮಾತು. ಅದೇ ಬಾಯಿಗೆ ಬಂತು.

"ಹತ್ತಿ, ಹತ್ತಿ. ಮೂವರೂ ಹತ್ತಿ. ಸ್ವಲ್ಪ ಒತ್ತಿ ಕೂತುಕೊಳ್ಳಿ, ಜಾಗ ಉಂಟು. ಮುಂಗುಸಿಯನ್ನು ಮಡಿಲಲ್ಲಿ ಕೂರಿಸಿಕೊಳ್ಳಿ, ಅದಕ್ಕೆ ಟಿಕೆಟು ಬೇಡ."

ಮಹಡಿ ಬಿದ್ದು ಹೋಗುವಂತೆ ಜನ ನಕ್ಕರು. ಭಾಗವತರ ಕೈಯಲ್ಲಿ ಜಾಗಟೆ ಹಾಗೇ ನಿಂತಿತು. ವಕೀಲರು ಗಟ್ಟಿ ಕುಳ, ಪಾತ್ರ ಬಿಡಲಿಲ್ಲ. "ಎಲೈ ನಾವಿಕ, ಈವರೆಗೆ ಇಬ್ಬರಿಗೇ ಎಂದೆ. ಈ ಭಾರಕ್ಕೆ ದೋಣಿ ಮುಳುಗಿದರೆ?" ಎಂದು ಕೇಳಿದರು.

ಬಾಯಿಗೆ ಬಂದದ್ದು ಪುನಃ ಬಸ್ಸಿನದ್ದೇ. "ಇಷ್ಟರವರೆಗೆ ಮುಳುಗಲಿಲ್ಲವಲ್ಲ" ಎಂದೆ.

ಭಾಗವತರು ಬೇರೆ ದಾರಿ ಕಾಣದೆ ಮಂಗಳ ಹಾಡಿ ಮುಗಿಸಿದರು. ಕಥೆಯನ್ನು ಕೆಡಿಸಿದೆ ಎಂದು ಒಬ್ಬಿಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ನಾನು ಮಾಷ್ಟ್ರ ಮುಖ ನೋಡಲು ನಾಚಿ ಮೆಟ್ಟಿಲ ಹತ್ತಿರ ನಿಂತಿದ್ದೆ. ಅವರೇ ಬಂದರು. ಕಣ್ಣು ಕೆಂಪಾಗಿತ್ತು, ಆದರೆ ನಗುತ್ತಿದ್ದರು.

"ಹತ್ತಿಸಿಬಿಟ್ಟಿರಲ್ಲ ಪೊರ್ಬುಗಳೇ."

"ತಪ್ಪಾಯ್ತು ಮಾಷ್ಟ್ರೇ. ಅಭ್ಯಾಸ."

"ನಾನು ಅಷ್ಟು ದಿವಸ ಯಾರು ಉಳೀಬೇಕು ಅಂತಲೇ ಯೋಚನೆ ಮಾಡ್ತಾ ಇದ್ದೆ. ಆ ದೋಣಿಯವ ಹೇಳಿದ್ದು ಸರಿಯಾ ಅಂತ ಕೇಳಲೇ ಇಲ್ಲ" ಎಂದರು ಅವರು. ಮತ್ತೆ, "ನಾನು ಅವಳನ್ನು ಮನೆಗೆ ಕರ್ಕೊಂಡು ಬರ್ತೇನೆ. ಮಗಳನ್ನೂ ಕೇಳ್ತೇನೆ. ಅಮ್ಮ ಕೊಡುವವರೆಗೆ ಕೇಳ್ತೇನೆ" ಎಂದರು.

ಅವರ ತಾಯಿ ಆಗಲೇ ಮಗುವನ್ನೆತ್ತಿಕೊಂಡು ಕೊಡೆ ಬಿಡಿಸಿ ಮಳೆಯಲ್ಲೇ ಹೊರಟು ಹೋಗಿದ್ದರು.

ಆ ಮೇಲಿನ ಭಾನುವಾರಗಳಲ್ಲೂ ಅವರು ಜಗಲಿಗೆ ಬರುತ್ತಿದ್ದರು. ಮಗ ಕೇಳುವುದು, ತಾಯಿ ತಲೆಯಾಡಿಸುವುದು, ಬಸ್ಸು ಹೊರಡುವುದು. ಒಮ್ಮೆ ಮಾತ್ರ ನಾನು ಹತ್ತಿರ ಹೋದಾಗ ಅವರೇ ನನ್ನನ್ನು ತಡೆದು ಕೇಳಿದರು.

"ಆ ಮೂವರು ಆಚೆ ಮುಟ್ಟಿದ್ರಾ?"

"ಮಾಷ್ಟ್ರು ಇನ್ನೂ ಬರೀಲಿಲ್ಲ ಅಮ್ಮ."

"ನಡುನೀರಿನಲ್ಲಿ ಬಿಟ್ಟದ್ದಾ ಹಾಗಾದರೆ?" ಎಂದು ಮುಖ ಗಂಟಿಕ್ಕಿದರು. ಕಥೆಯ ಮೇಲೆ ಅವರಿಗೂ ಸಿಟ್ಟು ಬಂದಿತ್ತು. ನನಗೆ ಅದರಿಂದ ಒಂದು ಬಗೆಯ ಸಮಾಧಾನವಾಯಿತು.

ಮೂರನೆಯ ಭಾಗದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅದು ಬಂತು, ಕೆಲವು ವರ್ಷಗಳ ನಂತರ, ಬೇರೆ ಪ್ರೆಸ್ಸಿನಿಂದ. ಮೂವರೂ ದಾಟುತ್ತಾರೆ, ನೆರಳನ್ನು ಬಿಡಿಸಿಕೊಂಡು ಬರುತ್ತಾರೆ, ಮುಂಗುಸಿ ಮತ್ತೆ ಸುಳ್ಳು ಹೇಳುತ್ತದೆ. ಜನ ಇಷ್ಟಪಟ್ಟು ಓದಿದರು. ಎರಡನೆಯದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಮೊದಲನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಕೊಂಡು ನಡುವಿನದನ್ನು ಬಿಟ್ಟವರೂ ಇದ್ದರು, ಕಥೆ ತಿಳಿಯಲು ಅದರಿಂದ ಅಡ್ಡಿಯೂ ಆಗುತ್ತಿರಲಿಲ್ಲ. ನನ್ನ ಮನೆಯಲ್ಲಿ ಉಳಿದಿರುವುದು ಮಾತ್ರ ಆ ಸೋತ ಪುಸ್ತಕವೇ. ಉಳಿದೆರಡನ್ನು ಯಾರೋ ಓದಲು ಒಯ್ದು ಹಿಂದೆ ಕೊಡಲಿಲ್ಲ, ಇದನ್ನು ಯಾರೂ ಕೇಳಲಿಲ್ಲ.

ಆದರೆ ನಾನು ಹೇಳಬೇಕೆಂದಿದ್ದದ್ದು ಅದಲ್ಲ. ತಾಳಮದ್ದಳೆಯಾದ ವರ್ಷವೇ, ಮಳೆ ಕಳೆದು ದೀಪಾವಳಿಯೂ ಮುಗಿದ ಮೇಲೆ, ಮಾಷ್ಟ್ರ ಹೆಂಡತಿಯನ್ನು ಆಸ್ಪತ್ರೆಯಿಂದ ಬಿಟ್ಟರು. ರೋಗ ಹೋಗಿದೆ, ಇನ್ನೊಬ್ಬರಿಗೆ ಹರಡುವ ಹೆದರಿಕೆಯಿಲ್ಲ, ಔಷಧಿ ಮಾತ್ರ ಇನ್ನೂ ಸ್ವಲ್ಪ ಕಾಲ ತೆಗೆದುಕೊಳ್ಳಬೇಕು ಎಂದು ಡಾಕ್ಟರರು ಹೇಳಿದ್ದರಂತೆ. ಆಕೆ ಕಾಪುವಿಗೆ ಹೋಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಗಂಡನ ಜೊತೆ ಮಣಿಪಾಲದಲ್ಲಿ ನಮ್ಮ ಬಸ್ಸು ಹತ್ತಿದರು. ತೀರ ಸೊರಗಿದ್ದರು, ನಾನು ಗುರುತು ಹಿಡಿಯಲು ಹೊತ್ತಾಯಿತು. ಕಿಟಕಿಯ ಪಕ್ಕ ಅವರು, ನಡುವೆ ಮಾಷ್ಟ್ರು. ಆ ಸೀಟಿನಲ್ಲಿ ಇನ್ನೊಬ್ಬರು ಕೂರುವ ಜಾಗವಿತ್ತು. ಬಸ್ಸಿನಲ್ಲಿ ನಿಂತವರೂ ಇದ್ದರು. ಯಾರೂ ಕೂರಲಿಲ್ಲ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ನೋಡುತ್ತಿದ್ದರು. ಕೆಮ್ಮು ಬಂದರೂ ಕೆಮ್ಮುತ್ತಿರಲಿಲ್ಲ, ತಡೆದುಕೊಳ್ಳುತ್ತಿದ್ದರು.

ಹಿರಿಯಡ್ಕದಲ್ಲಿ ಬಸ್ಸು ನಿಂತಿತು. ಮಾಷ್ಟ್ರು ಇಳಿಯಲಿಲ್ಲ. ಜಗಲಿಯ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಆಕೆಯೂ ನೋಡಿದರು, ಬಗ್ಗಿ, ಕತ್ತು ಉದ್ದ ಮಾಡಿ, ಮಗು ದೂರದಿಂದಾದರೂ ಕಾಣುತ್ತದೆಯೇ ಎಂದು. ಡ್ರೈವರ್ ಚಾ ಮುಗಿಸಿ ಬಂದು ಕೂತ. ನಾನು ಇನ್ನೂ ಸ್ವಲ್ಪ ನಿಲ್ಲಿಸು ಎಂದು ಅವನಿಗೆ ಕಣ್ಣಿನಲ್ಲೇ ಹೇಳಿದೆ. ಅವನೂ ಕಥೆ ಕೇಳಿದವನು, ಇಂಜಿನು ನೋಡುವ ನೆವ ಮಾಡಿ ಇಳಿದ.

ಆಗ ಹಿಂದಿನ ಬಾಗಿಲಿನಿಂದ ಮುದುಕಿ ಹತ್ತಿದರು. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದು ಕೈಯಲ್ಲಿ ಮಗು. ಮಗುವಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದರು. ನಿಂತವರು ದಾರಿ ಬಿಟ್ಟರು. ಮುದುಕಿ ಯಾರನ್ನೂ ನೋಡದೆ ಸೀದಾ ಬಂದು ಆ ಸೀಟಿನ ಪಕ್ಕ ನಿಂತರು. ಮಾಷ್ಟ್ರು ಎದ್ದು ನಿಂತುಬಿಟ್ಟರು. ಹೆಂಡತಿ ಏಳಲಿಲ್ಲ. ಸೆರಗನ್ನು ಇನ್ನಷ್ಟು ಬಿಗಿಯಾಗಿ ಬಾಯಿಗೆ ಒತ್ತಿಕೊಂಡು ಕಿಟಕಿಗೆ ಅಂಟಿಕೊಂಡರು.

ನಾನು ಟಿಕೆಟಿನ ಪುಸ್ತಕ ಹಿಡಿದು ಹತ್ತಿರ ಹೋದೆ. ನನ್ನ ಸ್ವರ ನನಗೇ ಸಣ್ಣದಾಗಿ ಕೇಳಿತು.

"ಎಲ್ಲಿಗಮ್ಮ?"

"ಕುಕ್ಕುಂದೂರಿಗೆ. ನನ್ನದೊಂದು, ಇವಳದ್ದು ಅರ್ಧ."

"ಸಂಜೆ ಇದೇ ಬಸ್ಸಿನಲ್ಲಿ ವಾಪಸು ಬರುವುದಾ?"

"ಎಂತಕ್ಕೆ?" ಎಂದರು ಅವರು, ನನ್ನ ಪ್ರಶ್ನೆಯಿಂದ ರೇಗಿದವರ ಹಾಗೆ. "ಇವಳು ಅಲ್ಲೇ ಇರ್ತಾಳೆ, ಅವಳ ಮನೆ ಅಲ್ವಾ. ನಾನೂ ಇರ್ತೇನೆ. ಕಾಯಿಲೆಯಿಂದ ಎದ್ದು ಬಂದವಳಿಗೆ ಗಂಜಿ ಮಾಡಿ ಹಾಕುವವರು ಯಾರು?"

ಹೇಳುತ್ತ ಹೇಳುತ್ತಲೇ ಸೊಸೆಯ ಪಕ್ಕದಲ್ಲಿ ಕೂತರು. ಮಗು ಅಜ್ಜಿಯ ಕೈ ಬಿಟ್ಟು, ಎರಡು ಸೀಟುಗಳ ನಡುವೆ ನಿಂತು, ತಾಯಿಯ ಮುಖವನ್ನು ಗುರುತಾಗದೆ ನೋಡುತ್ತಿತ್ತು. ಮುದುಕಿ ಅದನ್ನು ಎತ್ತಿ ಸೊಸೆಯ ಮಡಿಲಿಗೆ ಹಾಕಿದರು. ಆಕೆ ಅಲ್ಲಿಯವರೆಗೆ ತಡೆದುಕೊಂಡಿದ್ದ ಕೆಮ್ಮು ಬಂದುಬಿಟ್ಟಿತು, ಗಾಬರಿಯಾಗಿ ಮಗುವನ್ನು ಇಳಿಸಲು ಹೋದರು. ಮುದುಕಿ ಇಳಿಸಲು ಬಿಡಲಿಲ್ಲ.